ಲ್ಯಾಪ್‌ಟಾಪ್ ಏಕೆ ಬುಸುಗುಟ್ಟುತ್ತದೆ?

2018ರ ಜುಲೈನಲ್ಲಿ ಡೇವ್ ಲೀ ಎಂಬ ಕೆನಡಾದ ಯೂಟ್ಯೂಬರ್ ಹೊಸ ಲ್ಯಾಪ್‌ಟಾಪ್ ಒಂದನ್ನು ಫ್ರೀಜರಿನೊಳಗಿಟ್ಟು ಕೆಲಸಕ್ಕೆ ಹಚ್ಚಿದರು. ಅದು ಆ್ಯಪಲ್ ಕಂಪನಿ ಆಗಷ್ಟೇ ಮಾರುಕಟ್ಟೆಗೆ ಬಿಟ್ಟಿದ್ದ, ಕೋರ್ ಐ9 ಪ್ರೊಸೆಸರ್ ಹೊತ್ತ 15 ಇಂಚಿನ ಮ್ಯಾಕ್‌ಬುಕ್ ಪ್ರೊ. ಮೇಜಿನ ಮೇಲಿದ್ದಾಗ ಒಂದು ವಿಡಿಯೊ ಸಿದ್ಧಪಡಿಸಲು ಸುಮಾರು 39 ನಿಮಿಷ ತೆಗೆದುಕೊಂಡಿದ್ದ ಆ ಯಂತ್ರ, ಫ್ರೀಜರಿನೊಳಗೆ ಅದೇ ಕೆಲಸವನ್ನು ಸುಮಾರು 27 ನಿಮಿಷದಲ್ಲಿ ಮುಗಿಸಿತು. ಚಿಪ್ ಅದೇ, ಸಾಫ್ಟ್‌ವೇರ್ ಅದೇ. ಬೇರೆಯಾಗಿದ್ದು ಸುತ್ತಲಿನ ಗಾಳಿ ಮಾತ್ರ.

ಲೀ ಅವರ ವಿಡಿಯೊ ಜಗತ್ತಿನಾದ್ಯಂತ ಸದ್ದು ಮಾಡಿತು. ಒಂದೇ ವಾರದಲ್ಲಿ ಆ್ಯಪಲ್ ಕಂಪನಿ, ಶಾಖ ನಿಯಂತ್ರಿಸುವ ಫರ್ಮ್‌ವೇರ್‌ನಲ್ಲಿ ಒಂದು ಡಿಜಿಟಲ್ ಕೀ ಬಿಟ್ಟುಹೋಗಿತ್ತೆಂದು ಒಪ್ಪಿಕೊಂಡು ಅದನ್ನು ಸರಿಪಡಿಸುವ ಅಪ್‌ಡೇಟ್ ಕೊಟ್ಟಿತು. ಲೋಪ ಸರಿಹೋಯಿತು. ಆದರೆ ಬಹಳಷ್ಟು ಜನ ಅಲ್ಲಿಯವರೆಗೆ ಯೋಚಿಸದಿದ್ದ ಒಂದು ಸಂಗತಿ ಆಗ ಬೆಳಕಿಗೆ ಬಂತು. ಎಷ್ಟೇ ದುಬಾರಿ ಚಿಪ್ ಹಾಕಿದರೂ, ಅದರಲ್ಲಿ ಹುಟ್ಟುವ ಶಾಖವನ್ನು ಹೊರಗೆ ಸಾಗಿಸಲಾಗದಿದ್ದರೆ ಆ ಚಿಪ್ಪಿನ ವೇಗ ಕಾಗದದ ಮೇಲಷ್ಟೇ ಉಳಿಯುತ್ತದೆ.

ಮನೆಮನೆಯಲ್ಲಿ ಕೇಳಿಬರುವ ದೂರು ಇದರದೇ ಇನ್ನೊಂದು ಮುಖ. ಕೊಂಡಾಗ ಸದ್ದೇ ಇಲ್ಲದೆ ನಡೆಯುತ್ತಿದ್ದ ಲ್ಯಾಪ್‌ಟಾಪ್ ಎರಡು ಮೂರು ವರ್ಷಗಳಲ್ಲಿ ಬುಸುಗುಟ್ಟಲು ತೊಡಗುತ್ತದೆ. ಆನ್‌ಲೈನ್ ತರಗತಿ ನಡೆಯುವಾಗ ಮೇಷ್ಟ್ರ ದನಿಗಿಂತ ಫ್ಯಾನಿನ ದನಿಯೇ ಜೋರು. ಕೀಲಿಮಣೆಯ ಮೇಲ್ಭಾಗ ಮುಟ್ಟಿದರೆ ಕೈ ಚುರ್ ಎನ್ನುತ್ತದೆ. ಆಮೇಲೆ ಎಲ್ಲವೂ ನಿಧಾನ. ಹೆಚ್ಚಿನವರು ಇದನ್ನು ಯಂತ್ರಕ್ಕೆ ವಯಸ್ಸಾಯಿತೆಂದು ತಿಳಿದು ಹೊಸದರ ಬೆಲೆ ವಿಚಾರಿಸಲು ಹೊರಡುತ್ತಾರೆ. ಬಹಳಷ್ಟು ಸಲ ಅದರ ಅಗತ್ಯವಿರುವುದಿಲ್ಲ. ಶಾಖ ಹೊರಗೆ ಹೋಗುವ ದಾರಿಯಲ್ಲಿ ಎಲ್ಲೋ ಒಂದು ಕಡೆ ಅಡ್ಡಿಯಾಗಿರುತ್ತದೆ. ಅದನ್ನು ಹುಡುಕಿ ತೆಗೆಯಬೇಕು, ಅಷ್ಟೇ. ಫ್ಯಾನನ್ನು ಸುಮ್ಮನಾಗಿಸುವುದು ಗುರಿಯಲ್ಲ. ಅದು ಅಷ್ಟು ಜೋರಾಗಿ ತಿರುಗಬೇಕಾದ ಕಾರಣವನ್ನು ಇಲ್ಲವಾಗಿಸುವುದು ಗುರಿ.

ಈ ಶಾಖ ಬರುವುದೆಲ್ಲಿಂದ? ಪ್ರೊಸೆಸರ್ ಬಳಸುವ ವಿದ್ಯುತ್ತೆಲ್ಲ ಹೆಚ್ಚುಕಡಿಮೆ ಪೂರ್ತಿಯಾಗಿ ಶಾಖವಾಗಿಯೇ ಕೊನೆಗೊಳ್ಳುತ್ತದೆ. ಲೆಕ್ಕ ಮಾಡಿದರೂ, ಹಾಡು ಹಾಕಿದರೂ, ಪತ್ರ ಟೈಪಿಸಿದರೂ ಅಷ್ಟೇ. ತೆಳ್ಳನೆಯ ಲ್ಯಾಪ್‌ಟಾಪುಗಳ ಪ್ರೊಸೆಸರ್ ಸಾಮಾನ್ಯವಾಗಿ 15 ವಾಟ್ ವರ್ಗದ್ದು. ಗೇಮಿಂಗ್, ವಿಡಿಯೊ ಸಂಕಲನ ಮುಂತಾದವಕ್ಕೆ ಬಳಸುವ ದಪ್ಪ ಯಂತ್ರಗಳದ್ದು 45 ವಾಟ್ ವರ್ಗದ್ದು. ಹಳೆಯ ಕಾಲದ 60 ವಾಟ್ ಬಲ್ಬಿಗಿಂತ ಕಡಿಮೆಯೇ ಎನಿಸಬಹುದು. ಆದರೆ ಈ ಶಾಖವೆಲ್ಲ ಹುಟ್ಟುವುದು ಬೆರಳ ಉಗುರಿನಷ್ಟಗಲದ ಸಿಲಿಕಾನ್ ತುಣುಕಿನಲ್ಲಿ. ಒಂದೂವರೆ ಚದರ ಸೆಂಟಿಮೀಟರಿನ ಚಿಪ್ 45 ವಾಟ್ ಎಳೆದರೆ ಪ್ರತಿ ಚದರ ಸೆಂಟಿಮೀಟರಿಗೆ 30 ವಾಟ್ ಆಯಿತು. ಅಡುಗೆಮನೆಯ 2,000 ವಾಟಿನ ಇಂಡಕ್ಷನ್ ಒಲೆಯಲ್ಲಿ, 18 ಸೆಂಟಿಮೀಟರ್ ಅಗಲದ ಕಾಯಿಲ್ ಇದೆ ಎಂದುಕೊಂಡರೆ, ಅದೇ ಲೆಕ್ಕ ಸುಮಾರು 8 ವಾಟಿಗೆ ನಿಲ್ಲುತ್ತದೆ. ಉರಿವ ಒಲೆಗಿಂತ ಸುಮಾರು ನಾಲ್ಕು ಪಟ್ಟು ದಟ್ಟವಾದ ಶಾಖ ಜನರ ಬೆರಳ ಕೆಳಗೇ, ಒಂದೆರಡು ಸೆಂಟಿಮೀಟರ್ ದೂರದಲ್ಲಿ ಇರುತ್ತದೆ.

ಇದು ಚಿಪ್ ಉದ್ಯಮವನ್ನೇ ದಿಕ್ಕು ಬದಲಿಸುವಂತೆ ಮಾಡಿದ ಸಮಸ್ಯೆ. ಹೀಗೇ ಸಾಗಿದರೆ ಚಿಪ್ಪುಗಳ ಶಾಖದ ಸಾಂದ್ರತೆ ಪರಮಾಣು ರಿಯಾಕ್ಟರಿನ ಮಟ್ಟ ಮುಟ್ಟುತ್ತದೆಂದು ಇಂಟೆಲ್‌ನ ಪ್ಯಾಟ್ ಗೆಲ್ಸಿಂಗರ್ 2001ರಲ್ಲಿ ಎಂಜಿನಿಯರುಗಳ ಸಮ್ಮೇಳನವೊಂದರಲ್ಲಿ ಎಚ್ಚರಿಸಿದ್ದರು. ಮೂರು ವರ್ಷಗಳ ಬಳಿಕ, 2004ರ ಮೇ ತಿಂಗಳಲ್ಲಿ, ಇಂಟೆಲ್ ತಾನು ರೂಪಿಸುತ್ತಿದ್ದ ತೇಹಾಸ್ ಎಂಬ ಪ್ರೊಸೆಸರ್ ಯೋಜನೆಯನ್ನೇ ಕೈಬಿಟ್ಟು, ಒಂದೇ ಚಿಪ್ಪಿನಲ್ಲಿ ಹಲವು ಕೋರ್‌ಗಳನ್ನಿಡುವ ದಾರಿ ಹಿಡಿಯಿತು.

ಆ ಸಣ್ಣ ತುಣುಕಿನಿಂದ ಶಾಖ ಹೊರಡುವ ದಾರಿ ಸೊಗಸಾಗಿದೆ. ಚಿಪ್ಪಿನ ನೆತ್ತಿಗೆ ತೆಳುವಾಗಿ ಥರ್ಮಲ್ ಪೇಸ್ಟ್ ಸವರಿ ಅದರ ಮೇಲೆ ತಾಮ್ರದ ಫಲಕ ಕೂರಿಸಿರುತ್ತಾರೆ. ಫಲಕದಿಂದ ಚಪ್ಪಟೆ ತಾಮ್ರದ ಕೊಳವೆಗಳು ಲ್ಯಾಪ್‌ಟಾಪಿನ ಅಂಚಿನವರೆಗೆ ಹರಿದಿರುತ್ತವೆ. ಕಣ್ಣಿಗೆ ಗಟ್ಟಿ ತಾಮ್ರದಂತೆ ಕಂಡರೂ ಒಳಗೆ ಅವು ಟೊಳ್ಳು. ಗಾಳಿ ತೆಗೆದು, ಕೆಲವೇ ಹನಿ ನೀರು ತುಂಬಿ, ಎರಡೂ ತುದಿ ಮುಚ್ಚಿರುತ್ತಾರೆ. ಗಾಳಿಯ ಒತ್ತಡವಿಲ್ಲದ್ದರಿಂದ ನೀರು 100 ಡಿಗ್ರಿ ಕಾಯದೆ ಬಹಳ ಕಡಿಮೆ ಬಿಸಿಗೇ ಆವಿಯಾಗುತ್ತದೆ. ಚಿಪ್ಪಿನ ಬಳಿ ಆವಿಯಾದದ್ದು ತಣ್ಣನೆಯ ತುದಿಗೆ ಓಡಿ, ಅಲ್ಲಿ ಹೊತ್ತುತಂದ ಶಾಖ ಬಿಟ್ಟು ಮತ್ತೆ ನೀರಾಗಿ, ಕೊಳವೆಯ ಒಳಮೈಗೆ ಅಂಟಿಸಿದ ಸೂಕ್ಷ್ಮರಂಧ್ರಗಳ ಪದರದ ಮೂಲಕ ಹೊರಟಲ್ಲಿಗೇ ಮರಳುತ್ತದೆ. ಪಂಪ್ ಇಲ್ಲ, ಕರೆಂಟ್ ಬೇಡ. ಅಮೆರಿಕದ ಲಾಸ್ ಅಲಮೋಸ್ ಪ್ರಯೋಗಾಲಯದ ಜಾರ್ಜ್ ಗ್ರೋವರ್ 1963ರಲ್ಲಿ ಇದನ್ನು ರೂಪಿಸಿದಾಗ ಅವರ ಕಣ್ಣಿದ್ದದ್ದು ಬಾಹ್ಯಾಕಾಶದ ಬಳಕೆಯ ಮೇಲೆ. ಬೆಂಗಳೂರಿನಲ್ಲಿ ಸಿದ್ಧವಾಗುವ ಇಸ್ರೋ ಸಂವಹನ ಉಪಗ್ರಹಗಳ ಫಲಕಗಳಲ್ಲೂ ಇದೇ ಜಾತಿಯ ಕೊಳವೆಗಳಿವೆ. ಅಲ್ಲಿ ನೀರಿನ ಬದಲು ಅಮೋನಿಯ ಇರುತ್ತದೆ.

ಕೊಳವೆಯ ಕೊನೆಯಲ್ಲಿ ಕಾಗದದಷ್ಟು ತೆಳುವಾದ ಲೋಹದ ಹಾಳೆಗಳ ಸಾಲು. ಹಾಳೆ ಹಾಳೆಯ ನಡುವೆ ಒಂದು ಮಿಲಿಮೀಟರ್ ಆಸುಪಾಸಿನ ಸಂದು. ಪಕ್ಕದಲ್ಲಿರುವ ಫ್ಯಾನು ತಳದಿಂದ ಗಾಳಿ ಹೀರಿ ಆ ಸಂದುಗಳ ಮೂಲಕ ಹೊರಕ್ಕೆ ದೂಡುತ್ತದೆ. ಶಾಖದ ಇಡೀ ಪ್ರಯಾಣ ಮುಗಿಯುವುದು ಈ ಕಿರಿದಾದ ಸಂದಿನಲ್ಲಿ. ಅಡ್ಡಿ ಬಹಳಷ್ಟು ಸಲ ಉಂಟಾಗುವುದೂ ಇಲ್ಲೇ.

ಲ್ಯಾಪ್‌ಟಾಪ್ ಬಿಚ್ಚಿದವರಿಗೆ ಈ ನೋಟ ಪರಿಚಿತ. ಫ್ಯಾನಿಗೂ ಲೋಹದ ಹಾಳೆಗಳಿಗೂ ನಡುವೆ ಬೂದು ಬಣ್ಣದ ದಪ್ಪ ಪದರ ಹೆಪ್ಪುಗಟ್ಟಿರುತ್ತದೆ. ಬಟ್ಟೆಯ ಎಳೆ, ತಲೆಗೂದಲು, ಹೊದಿಕೆಯ ಹತ್ತಿ, ರಸ್ತೆಯ ಮಣ್ಣು ಎಲ್ಲ ಸೇರಿ ಗಟ್ಟಿಯಾದ ಮೆತ್ತೆ ಅದು. ಹೊರಗಿನಿಂದ ಟಾರ್ಚ್ ಹಾಕಿ ನೋಡಿದರೆ ಹಾಳೆಗಳು ಫಳಫಳ ಹೊಳೆಯುತ್ತಲೇ ಇರುತ್ತವೆ, ಏಕೆಂದರೆ ಧೂಳು ಕೂತಿರುವುದು ಅವುಗಳ ಒಳಮುಖದಲ್ಲಿ. ಹಾಗಾಗಿಯೇ ಯಂತ್ರ ಶುಭ್ರವಾಗಿದೆ ಎಂದು ನಂಬಿ ಜನ ಮೋಸಹೋಗುತ್ತಾರೆ. ಹುಬ್ಬಳ್ಳಿಯ ರಸ್ತೆ ಧೂಳು, ಬೆಂಗಳೂರಿನ ಕಟ್ಟಡ ಕಾಮಗಾರಿಯ ಸಿಮೆಂಟು, ಮಲೆನಾಡಿನ ಕೆಮ್ಮಣ್ಣು ಒಂದೊಂದೂ ಕೂರುವ ಬಗೆ ಬೇರೆ ಬೇರೆ. ಎಲ್ಲಕ್ಕಿಂತ ಕೆಟ್ಟದ್ದು ಜಿಡ್ಡು ಬೆರೆತ ಧೂಳು. ಅಡುಗೆಮನೆಗೆ ಹತ್ತಿರದ ಮೇಜು, ದಿನಾ ಒಗ್ಗರಣೆಯ ಹೊಗೆ, ಊದುಬತ್ತಿ, ಸೊಳ್ಳೆ ಬತ್ತಿ ಇದ್ದ ಮನೆಯ ಲ್ಯಾಪ್‌ಟಾಪಿನಲ್ಲಿ ಧೂಳು ಊದಿದರೆ ಹಾರುವುದಿಲ್ಲ, ಬ್ರಷ್‌ನಿಂದ ಕೆರೆದು ತೆಗೆಯಬೇಕಾಗುತ್ತದೆ.

ಇದರ ಜೊತೆಗೆ ಊರಿನ ಸೆಕೆಯೂ ಸೇರುತ್ತದೆ. ಗಾಳಿಯಿಂದ ತಣಿಯುವ ಯಾವ ಯಂತ್ರವೂ ಸುತ್ತಲಿನ ಗಾಳಿಗಿಂತ ತಣ್ಣಗಾಗಲಾರದು. ಕೋಣೆಯ ಬಿಸಿ ಎಷ್ಟು ಡಿಗ್ರಿ ಏರಿತೋ ಚಿಪ್ಪಿನ ಬಿಸಿಯೂ ಹೆಚ್ಚುಕಡಿಮೆ ಅಷ್ಟೇ ಏರುತ್ತದೆ. ಬೆಂಗಳೂರಿನಲ್ಲಿ 25 ಡಿಗ್ರಿಯ ಕೋಣೆಯಲ್ಲಿ 80 ಡಿಗ್ರಿಗೆ ನಿಲ್ಲುವ ಪ್ರೊಸೆಸರ್, ರಾಯಚೂರು ಅಥವಾ ಕಲಬುರಗಿಯ ಮೇ ತಿಂಗಳ 40 ಡಿಗ್ರಿಯಲ್ಲಿ ಅದೇ ಕೆಲಸಕ್ಕೆ 95ರ ಸಮೀಪ ಹೋಗುತ್ತದೆ. ಇಂಟೆಲ್ ಚಿಪ್ಪುಗಳಿಗೆ ಸಾಮಾನ್ಯವಾಗಿ 100 ಡಿಗ್ರಿ ಸೆಲ್ಸಿಯಸ್ ಗಡಿ. ಅದನ್ನು ಮುಟ್ಟುತ್ತಿದ್ದಂತೆ ಚಿಪ್ ತನ್ನನ್ನು ತಾನು ಕಾಪಾಡಿಕೊಳ್ಳಲು ವೇಗ ಇಳಿಸಿಕೊಳ್ಳುತ್ತದೆ. ಇನ್ನೂ ಏರಿದರೆ ಯಂತ್ರವೇ ಆಫ್ ಆಗುತ್ತದೆ. ಇದರಲ್ಲಿ ಗಮನಿಸಲೇಬೇಕಾದ ಅಂಶ ಒಂದಿದೆ. ಹೆಚ್ಚಿನ ಲ್ಯಾಪ್‌ಟಾಪುಗಳ ಕೈಪಿಡಿಯಲ್ಲಿ ಬಳಕೆಗೆ ಯೋಗ್ಯವಾದ ಹವೆ 35 ಡಿಗ್ರಿಯವರೆಗೆ ಎಂದು ಬರೆದಿರುತ್ತದೆ. ಆ್ಯಪಲ್ 10ರಿಂದ 35 ಡಿಗ್ರಿ ಎನ್ನುತ್ತದೆ. ಅಂದರೆ ಕಲ್ಯಾಣ ಕರ್ನಾಟಕದ ವಿದ್ಯಾರ್ಥಿ ಏಪ್ರಿಲ್, ಮೇ ತಿಂಗಳ ಮಧ್ಯಾಹ್ನಗಳಲ್ಲಿ ತಗಡಿನ ಚಾವಣಿಯ ಕೆಳಗೆ ಕೂತು ಓದುವಾಗ, ತಯಾರಕರು ಹಾಕಿದ ಗಡಿಯ ಆಚೆಗೇ ತನ್ನ ಯಂತ್ರವನ್ನು ದುಡಿಸುತ್ತಿರುತ್ತಾನೆ. ಅಲ್ಲಿ ಫ್ಯಾನು ಕೂಗಿಕೊಳ್ಳುವುದು ಕೆಟ್ಟುಹೋದದ್ದಕ್ಕಲ್ಲ. ಭಾರವಾದ ಕೆಲಸಗಳನ್ನು ಬೆಳಗಿನ ಜಾವಕ್ಕೋ ರಾತ್ರಿಗೋ ಇಟ್ಟುಕೊಳ್ಳುವುದು ಅಂಥ ಊರುಗಳಲ್ಲಿ ಯಾವ ಕೂಲಿಂಗ್ ಪ್ಯಾಡಿಗಿಂತಲೂ ಹೆಚ್ಚು ಉಪಯೋಗಕ್ಕೆ ಬರುತ್ತದೆ.

ಹಾಗೆಂದು ಲೀ ಅವರ ಪ್ರಯೋಗವನ್ನು ಮನೆಯಲ್ಲಿ ಮಾಡಲು ಹೋಗಬಾರದು. ಮಂಗಳೂರು, ಉಡುಪಿ, ಕಾರವಾರದ ತೇವದ ಗಾಳಿಯಲ್ಲಿ ಫ್ರಿಜ್ಜಿನಿಂದ ಹೊರತೆಗೆದ ಯಂತ್ರದ ಒಳಗೆಲ್ಲ ನೀರಿನ ಹನಿ ಕಟ್ಟುತ್ತದೆ. ಬಿಸಿಗೆ ಬರೀ ನಿಧಾನವಾಗುತ್ತಿದ್ದ ಬೋರ್ಡು ಆ ನೀರಿಗೆ ಸುಟ್ಟೇ ಹೋಗಬಹುದು.

ಸದ್ದಿನ ವಿಷಯಕ್ಕೆ ಬಂದರೆ, ಎಲ್ಲ ಸದ್ದೂ ಒಂದೇ ಅಲ್ಲ. ಕಿವಿಗೊಟ್ಟು ಕೇಳಿದರೆ ಯಂತ್ರ ತನ್ನ ತೊಂದರೆ ಏನೆಂದು ಬಹುಮಟ್ಟಿಗೆ ತಾನೇ ಹೇಳುತ್ತದೆ. ಬುಸ್ ಎಂದು ಒಂದೇ ಸಮನೆ ಬರುವುದು ಗಾಳಿಯ ಸದ್ದು. ಫ್ಯಾನು ಗಟ್ಟಿಯಾಗಿದೆ, ಆದರೆ ಅದಕ್ಕೆ ಕೆಲಸ ಹೆಚ್ಚಾಗಿದೆ. ಗರಗರ ಎಂದು ಉಜ್ಜಿದಂತೆ ಕೇಳಿಸಿದರೆ, ಅದರಲ್ಲೂ ಲ್ಯಾಪ್‌ಟಾಪ್ ಓರೆ ಮಾಡಿದಾಗ ಸದ್ದು ಬದಲಾದರೆ, ಬೇರಿಂಗ್ ಸವೆದಿದೆ ಎಂದರ್ಥ. ಅದನ್ನು ಎಣ್ಣೆ ಬಿಟ್ಟು ಸರಿಮಾಡುತ್ತೇವೆಂದು ಕೆಲವರು ಹೇಳುವುದುಂಟು. ಎಣ್ಣೆ ಕೆಲವು ವಾರ ಸದ್ದಡಗಿಸಿ, ಬಳಿಕ ಇನ್ನಷ್ಟು ಧೂಳು ಹಿಡಿದು ಫ್ಯಾನನ್ನೇ ನಿಲ್ಲಿಸಿಬಿಡಬಹುದು. ಫ್ಯಾನು ಬದಲಿಸುವುದೇ ಸರಿ. ಅದು ಲ್ಯಾಪ್‌ಟಾಪಿನ ಅಗ್ಗದ ಬಿಡಿಭಾಗಗಳಲ್ಲೊಂದು. ಟಕಟಕ ಎಂದು ಬಡಿದಂತಿದ್ದರೆ ಒಳಗಿನ ವೈರೋ ಕಸದ ಚೂರೋ ಫ್ಯಾನಿನ ಎಸಳಿಗೆ ತಾಗುತ್ತಿರುತ್ತದೆ. ಹೊಸದಾಗಿ ರಿಪೇರಿಯಾಗಿ ಬಂದ ಯಂತ್ರದಲ್ಲಿ ಇದು ಹೆಚ್ಚು. ಇನ್ನು ಜೀರುಂಡೆಯ ಹಾಗೆ ಸಣ್ಣಗೆ, ತೀರಾ ಏರುದನಿಯಲ್ಲಿ ಕೇಳಿಸುವುದು ಫ್ಯಾನೇ ಅಲ್ಲ. ಬೋರ್ಡಿನ ಮೇಲಿನ ಕಾಯಿಲ್‌ಗಳು ವಿದ್ಯುತ್ ಹರಿವಿಗೆ ಕಂಪಿಸುವ ಸದ್ದದು. ಕಿರಿಕಿರಿ ಹೌದು, ಅಪಾಯವೇನೂ ಇಲ್ಲ.

ಫ್ಯಾನಿನ ವೇಗ ಇಮ್ಮಡಿಯಾದರೆ ಸದ್ದು ಸುಮಾರು 15 ಡೆಸಿಬೆಲ್ ಏರುತ್ತದೆ. ಹತ್ತು ಡೆಸಿಬೆಲ್ ಏರಿದರೇ ಮನುಷ್ಯರ ಕಿವಿಗೆ ಅದು ಎರಡರಷ್ಟು ಗದ್ದಲವೆನಿಸುತ್ತದೆ. ಇದರ ತಿರುವುಮುರುವೂ ನಿಜ, ಬಳಕೆದಾರರಿಗೆ ಒಳ್ಳೆಯ ಸುದ್ದಿಯೂ ಅದೇ. ಶಾಖವನ್ನು ಸ್ವಲ್ಪವೇ ತಗ್ಗಿಸಿ ಫ್ಯಾನಿನ ವೇಗ ಮೂರನೇ ಒಂದು ಭಾಗದಷ್ಟು ಇಳಿದರೂ ಕೋಣೆ ಗಮನಾರ್ಹವಾಗಿ ಶಾಂತವಾಗುತ್ತದೆ. ಸದ್ದಿನ ಸ್ವರೂಪದ ಮೇಲೂ ಎಂಜಿನಿಯರುಗಳು ತಲೆ ಕೆಡಿಸಿಕೊಂಡಿದ್ದಾರೆ. 2012ರಲ್ಲಿ ಬಂದ ರೆಟಿನಾ ಮ್ಯಾಕ್‌ಬುಕ್ ಪ್ರೊ ಯಂತ್ರದ ಫ್ಯಾನಿನಲ್ಲಿ ಎಸಳುಗಳನ್ನು ಬೇಕೆಂದೇ ಅಸಮ ಅಂತರದಲ್ಲಿ ಇಟ್ಟರು. ಎಸಳುಗಳು ಸಮ ಅಂತರದಲ್ಲಿದ್ದರೆ ಒಂದೇ ಶ್ರುತಿಯ ಸಿಳ್ಳೆ ಹುಟ್ಟಿ ಕಿವಿಯನ್ನು ಕೊರೆಯುತ್ತದೆ. ಅಂತರ ಏರುಪೇರಾದರೆ ಸದ್ದು ಹಲವು ಶ್ರುತಿಗಳಿಗೆ ಹಂಚಿಹೋಗಿ ಮೆದುವಾಗಿ ಕೇಳಿಸುತ್ತದೆ.

ಸ್ಕ್ರೂಡ್ರೈವರ್ ಹಿಡಿಯುವ ಮುನ್ನ ಖರ್ಚಿಲ್ಲದ ಪರೀಕ್ಷೆಗಳನ್ನು ಮಾಡಿ ನೋಡಬೇಕು. ಮೊದಲನೆಯದು ಲ್ಯಾಪ್‌ಟಾಪ್ ಕೂತಿರುವ ಜಾಗ. ಹಾಸಿಗೆ, ದಿಂಬು, ರಜಾಯಿ, ಸೋಫಾ ಇವೆಲ್ಲ ತಳದ ಕಿಂಡಿಗಳನ್ನು ಪೂರ್ತಿ ಮುಚ್ಚುತ್ತವೆ. ಗಟ್ಟಿ ಮೇಜಿನ ಮೇಲಿಟ್ಟು ಹಿಂಭಾಗವನ್ನು ಎರಡು ಸೆಂಟಿಮೀಟರಿನಷ್ಟು ಎತ್ತರಿಸಿದರೆ, ಹಿಂದಿನ ಕಾಲುಗಳ ಕೆಳಗೆ ಎರಡು ಬಾಟಲಿ ಮುಚ್ಚಳ ಇಟ್ಟರೂ ಸಾಕು, ಗಾಳಿ ಒಳಹೋಗಲು ಎಡೆ ಸಿಗುತ್ತದೆ. ದುಡ್ಡು ಕೊಟ್ಟು ತರುವ ಕೂಲಿಂಗ್ ಪ್ಯಾಡುಗಳ ಪ್ರಯೋಜನದಲ್ಲಿ ದೊಡ್ಡ ಪಾಲು ಹೀಗೆ ಎತ್ತರಿಸುವುದರಿಂದಲೇ ಬರುವಂಥದ್ದು. ಕೆಲವು ಮಾದರಿಗಳು ಕೀಲಿಮಣೆಯ ಸಂದುಗಳಿಂದಲೂ ಗಾಳಿ ಎಳೆದುಕೊಳ್ಳುತ್ತವೆ. ಧೂಳು ಬೀಳದಿರಲೆಂದು ಹಾಕುವ ಸಿಲಿಕೋನ್ ಹೊದಿಕೆ ಅಂಥ ಯಂತ್ರಗಳ ಉಸಿರು ಕಟ್ಟಿಸುತ್ತದೆ.

ಎರಡನೆಯದು ಸಾಫ್ಟ್‌ವೇರ್. ಏನೂ ಕೆಲಸ ಮಾಡದೆ ಸುಮ್ಮನಿರುವಾಗಲೂ ಫ್ಯಾನು ಕೂಗುತ್ತಿದ್ದರೆ ವಿಂಡೋಸ್‌ನಲ್ಲಿ ಕಂಟ್ರೋಲ್, ಶಿಫ್ಟ್, ಎಸ್ಕೇಪ್ ಮೂರೂ ಕೀಲಿಗಳನ್ನು ಒಟ್ಟಿಗೆ ಒತ್ತಿ ಟಾಸ್ಕ್ ಮ್ಯಾನೇಜರ್ ತೆರೆಯಬೇಕು. ಮ್ಯಾಕ್‌ನಲ್ಲಿ ಆ್ಯಕ್ಟಿವಿಟಿ ಮಾನಿಟರ್. ಸಿಪಿಯು ಎಂಬ ಅಂಕಣದ ತಲೆ ಒತ್ತಿದರೆ ಯಾರು ಎಷ್ಟು ದುಡಿಸುತ್ತಿದ್ದಾರೆ ಎಂಬುದು ಇಳಿಕೆಯ ಕ್ರಮದಲ್ಲಿ ಕಾಣುತ್ತದೆ. ಬಹಳ ಸಲ ಸಿಗುವುದು ಹಿನ್ನೆಲೆಯಲ್ಲಿ ಇಳಿಯುತ್ತಿರುವ ಅಪ್‌ಡೇಟ್, ವೈರಸ್ ತಪಾಸಣೆ ಅಥವಾ ಜಾಹೀರಾತು ತುಂಬಿದ ಹತ್ತಾರು ಬ್ರೌಸರ್ ಟ್ಯಾಬುಗಳು. ಕೆಲವೊಮ್ಮೆ ಕಳ್ಳ ಸಿಗುವುದೂ ಉಂಟು. 2017ರ ಸೆಪ್ಟೆಂಬರಿನಲ್ಲಿ ಶುರುವಾದ ಕಾಯಿನ್‌ಹೈವ್ ಎಂಬ ಸೇವೆ, ಜಾಲತಾಣಕ್ಕೆ ಭೇಟಿ ಕೊಟ್ಟವರ ಕಂಪ್ಯೂಟರಿನಲ್ಲೇ ಕ್ರಿಪ್ಟೊ ನಾಣ್ಯದ ಲೆಕ್ಕ ಮಾಡಿಸುವ ಪುಟ್ಟ ಪ್ರೋಗ್ರಾಂ ಒದಗಿಸುತ್ತಿತ್ತು. ದುಷ್ಕರ್ಮಿಗಳು ಅದನ್ನು ಅನುಮತಿಯಿಲ್ಲದೆ ಎಲ್ಲೆಂದರಲ್ಲಿ ತೂರಿಸಿದರು. 2018ರ ಫೆಬ್ರುವರಿಯಲ್ಲಿ ಹೀಗೆ ಸಿಕ್ಕಿಬಿದ್ದ 4 ಸಾವಿರಕ್ಕೂ ಹೆಚ್ಚು ತಾಣಗಳಲ್ಲಿ, ಬ್ರಿಟನ್ನಿನ ಮಾಹಿತಿ ಸುರಕ್ಷತೆಯ ಮೇಲೆ ಕಣ್ಣಿಡುವ ಸರ್ಕಾರಿ ಸಂಸ್ಥೆಯ ತಾಣವೂ ಇತ್ತು. ಆ ಪುಟ ತೆರೆದವರಿಗೆ ಪರದೆಯ ಮೇಲೆ ಏನೂ ಕಾಣುತ್ತಿರಲಿಲ್ಲ. ಸುಳಿವು ಕೊಡಬಲ್ಲದ್ದು ಏಕಾಏಕಿ ಜೋರಾದ ಫ್ಯಾನಿನ ಸದ್ದು ಮಾತ್ರ. ಕಾಯಿನ್‌ಹೈವ್ 2019ರ ಮಾರ್ಚಿನಲ್ಲಿ ಮುಚ್ಚಿತು. ಅದೇ ಜಾತಿಯ ಪ್ರೋಗ್ರಾಂಗಳು, ಮುಖ್ಯವಾಗಿ ಕದ್ದ ಸಾಫ್ಟ್‌ವೇರ್‌ನೊಂದಿಗೆ ಬರುವಂಥವು, ಇನ್ನೂ ಇವೆ.

ಮೂರನೆಯದು ಚಿಪ್ಪಿನ ಓಟಕ್ಕೆ ಲಗಾಮು. ಇಂದಿನ ಪ್ರೊಸೆಸರುಗಳು ಸಣ್ಣ ಕೆಲಸಕ್ಕೂ ಕೆಲವು ಕ್ಷಣ ತಮ್ಮ ಸಾಮಾನ್ಯ ಮಿತಿ ಮೀರಿ ಓಡುತ್ತವೆ. 15 ವಾಟಿನದು ಎಂದು ಹೆಸರಾದ ಚಿಪ್ ಅಷ್ಟು ಹೊತ್ತು ಅದರ ಎರಡು ಮೂರು ಪಟ್ಟು ವಿದ್ಯುತ್ ಎಳೆದುಕೊಳ್ಳಬಲ್ಲದು. ಒಂದು ವೆಬ್ ಪುಟ ತೆರೆದೊಡನೆ ಫ್ಯಾನು ಎದ್ದುಕೂಗಿ ತಣ್ಣಗಾಗುವುದು ಇದೇ ಕಾರಣಕ್ಕೆ. ವೇಗ ಏರಿಸಲು ವೋಲ್ಟೇಜನ್ನೂ ಏರಿಸಬೇಕು, ವಿದ್ಯುತ್ತಿನ ಬಳಕೆ ವೋಲ್ಟೇಜಿನ ವರ್ಗಕ್ಕೆ ತಕ್ಕಂತೆ ಬೆಳೆಯುತ್ತದೆ. ಹಾಗಾಗಿ ವೇಗದ ಕೊನೆಯ ಕಾಲುಭಾಗಕ್ಕೆ ತೆರುವ ಶಾಖ ಅಳತೆ ಮೀರಿದ್ದು. ವಿಂಡೋಸ್‌ನ ಪವರ್ ಆಯ್ಕೆಗಳಲ್ಲಿ ಪ್ರೊಸೆಸರಿನ ಗರಿಷ್ಠ ಸ್ಥಿತಿಯನ್ನು ಶೇಕಡಾ 100ರಿಂದ 99ಕ್ಕೆ ಇಳಿಸಿದರೆ ಬಹುತೇಕ ಯಂತ್ರಗಳಲ್ಲಿ ಈ ಹೆಚ್ಚುವರಿ ಓಟ ನಿಂತುಹೋಗುತ್ತದೆ. ಬರೆಯುವುದು, ಲೆಕ್ಕಪತ್ರ, ವಿಡಿಯೊ ನೋಡುವುದು ಇವುಗಳಲ್ಲಿ ವ್ಯತ್ಯಾಸವೇ ಗೊತ್ತಾಗದು; ಬಿಸಿ ಮಾತ್ರ ಚೆನ್ನಾಗಿ ಇಳಿಯುತ್ತದೆ. ಕೆಲವು ಹೊಸ ಲ್ಯಾಪ್‌ಟಾಪುಗಳಲ್ಲಿ ಆ ಆಯ್ಕೆಯನ್ನು ಅಡಗಿಸಿರುತ್ತಾರೆ. ಅಂಥಲ್ಲಿ ಪವರ್ ಮೋಡ್ ಎಂಬಲ್ಲಿ ವಿದ್ಯುತ್ ಉಳಿತಾಯದ ಆಯ್ಕೆ ಹಾಕಿದರೆ ಹೆಚ್ಚುಕಡಿಮೆ ಅದೇ ಫಲ.

ಇಷ್ಟೆಲ್ಲ ಮಾಡಿದ ಮೇಲೂ ಸದ್ದು ಇಳಿಯದಿದ್ದರೆ ಒಳಗಿನ ಧೂಳಿನ ಸರದಿ. ವಾರಂಟಿ ಇನ್ನೂ ಇದ್ದರೆ ಕಂಪನಿಯ ಸರ್ವಿಸ್ ಸೆಂಟರಿಗೆ ಹೋಗುವುದೇ ಸೂಕ್ತ. ಮುಗಿದಿದ್ದರೆ ಬೆಂಗಳೂರಿನ ಎಸ್.ಪಿ. ರಸ್ತೆಯಿಂದ ತಾಲ್ಲೂಕು ಕೇಂದ್ರದ ಕಂಪ್ಯೂಟರ್ ಅಂಗಡಿಯವರೆಗೆ ಈ ಕೆಲಸ ಬಲ್ಲವರಿದ್ದಾರೆ. ಅವರನ್ನು ಕೇಳಬೇಕಾದದ್ದು ಎರಡೇ: ಫ್ಯಾನು ಬಿಚ್ಚಿ ಅದರ ಹಿಂದಿನ ಧೂಳು ತೆಗೆಯುತ್ತೀರಾ, ಪೇಸ್ಟ್ ಬದಲಿಸುತ್ತೀರಾ. ತಳದ ಕಿಂಡಿಗೆ ಬ್ಲೋವರ್ ಹಿಡಿದು ಎರಡು ನಿಮಿಷದಲ್ಲಿ ಕಳಿಸುವ ಸೇವೆಗೆ ಹಣ ಕೊಡುವುದು ದಂಡ. ಹೊರಗಿನಿಂದ ಊದಿದಾಗ ಧೂಳಿನ ಮೆತ್ತೆ ಹೊರಬರದೆ ಫ್ಯಾನಿನ ಕಡೆಗೇ ಸರಿದು ಕೂರುತ್ತದೆ. ಗಾಳಿಯ ರಭಸಕ್ಕೆ ಫ್ಯಾನು ತನ್ನ ಮಿತಿ ಮೀರಿ ತಿರುಗಿ ಬೇರಿಂಗ್ ಹಾಳಾಗುವ ಭಯವೂ ಇದೆ. ಮನೆಯಲ್ಲೇ ಬಿಚ್ಚುವ ಧೈರ್ಯ ಉಳ್ಳವರು ಯಂತ್ರ ಆಫ್ ಮಾಡಿ, ಚಾರ್ಜರ್ ಕಿತ್ತು, ತಳ ತೆಗೆದೊಡನೆ ಮೊದಲು ಬ್ಯಾಟರಿಯ ಕನೆಕ್ಟರ್ ಬಿಡಿಸಬೇಕು. ಎಸಳು ತಿರುಗದಂತೆ ಬೆರಳಿನಿಂದ ಹಿಡಿದು ಮೆತ್ತನೆಯ ಬ್ರಷ್‌ನಿಂದ ಉಜ್ಜಿ, ಆಮೇಲೆ ಸ್ವಲ್ಪ ಸ್ವಲ್ಪವೇ ಗಾಳಿ ಊದಬೇಕು. ಮನೆಯ ವ್ಯಾಕ್ಯೂಮ್ ಕ್ಲೀನರ್ ಬೇಡ, ಅದರ ಮೂತಿಯಲ್ಲಿ ಹುಟ್ಟುವ ಸ್ಥಿರವಿದ್ಯುತ್ತು ಬೋರ್ಡಿಗೆ ಹಗೆ.

ಥರ್ಮಲ್ ಪೇಸ್ಟ್ ಬಗ್ಗೆ ತಪ್ಪು ತಿಳಿವಳಿಕೆ ಹೆಚ್ಚು. ಅದು ತಾಮ್ರಕ್ಕಿಂತ ಚೆನ್ನಾಗಿ ಶಾಖ ಒಯ್ಯುವ ವಸ್ತುವಲ್ಲ, ತಾಮ್ರದ ಹತ್ತಿರಕ್ಕೂ ಬಾರದು. ಚಿಪ್ ಮತ್ತು ಫಲಕ ಎರಡೂ ನುಣುಪಾಗಿ ಕಂಡರೂ ಅವುಗಳ ನಡುವೆ ಕಣ್ಣಿಗೆ ಕಾಣದ ಉಬ್ಬುತಗ್ಗುಗಳಿವೆ, ಆ ತಗ್ಗುಗಳಲ್ಲಿ ಗಾಳಿ ಕೂತಿರುತ್ತದೆ. ತಾಮ್ರಕ್ಕಿಂತ ಸುಮಾರು 15 ಸಾವಿರ ಪಟ್ಟು ಕಳಪೆಯಾಗಿ ಶಾಖ ಸಾಗಿಸುವ ಆ ಗಾಳಿಯನ್ನು ಹೊರದೂಡಿ ತಗ್ಗು ತುಂಬುವುದಷ್ಟೇ ಪೇಸ್ಟಿನ ಕೆಲಸ. ಆದ್ದರಿಂದ ಅದನ್ನು ತೆಳುವಾಗಿ ಹಾಕಬೇಕು, ದಪ್ಪ ಬಳಿದಷ್ಟೂ ನಷ್ಟ. ವರ್ಷಗಳು ಉರುಳಿದಂತೆ, ಕಾದು ತಣಿದು ಕಾದು ತಣಿದು, ಪೇಸ್ಟ್ ಒಣಗಿ ಬಿರುಕು ಬಿಡುತ್ತದೆ. ಗೇಮಿಂಗ್ ಮಾಡುವ ಹುಡುಗರು ಇಷ್ಟಪಡುವ ದ್ರವಲೋಹದ ಪೇಸ್ಟ್ ಇನ್ನೂ ಚೆನ್ನಾಗಿ ಕೆಲಸ ಮಾಡುತ್ತದೆ, ನಿಜ. ಆದರೆ ಅದರಲ್ಲಿರುವ ಗ್ಯಾಲಿಯಮ್ ಅಲ್ಯೂಮಿನಿಯಮ್ಮನ್ನು ತಿಂದುಹಾಕುತ್ತದೆ, ಮತ್ತು ಒಂದು ಹನಿ ಪಕ್ಕಕ್ಕೆ ಜಾರಿದರೂ ಶಾರ್ಟ್ ಆಗುತ್ತದೆ. ಕೈ ಪಳಗದವರು ಅದರ ತಂಟೆಗೆ ಹೋಗದಿರುವುದೇ ಲೇಸು.

ಫ್ಯಾನಿನ ಸದ್ದನ್ನು ಕಂಪನಿಗಳೇ ಹೆಚ್ಚಿಸಿದ ಪ್ರಸಂಗವೂ ಇದೆ. 2008ರ ಜುಲೈನಲ್ಲಿ ಗ್ರಾಫಿಕ್ಸ್ ಚಿಪ್ ತಯಾರಿಸುವ ಎನ್‌ವಿಡಿಯಾ, ತನ್ನ ಕೆಲವು ಲ್ಯಾಪ್‌ಟಾಪ್ ಚಿಪ್ಪುಗಳು ನಿರೀಕ್ಷೆ ಮೀರಿ ಕೆಡುತ್ತಿವೆ ಎಂದು ಪ್ರಕಟಿಸಿ, ದುರಸ್ತಿ ವೆಚ್ಚಕ್ಕೆ 15ರಿಂದ 20 ಕೋಟಿ ಡಾಲರ್ ತೆಗೆದಿರಿಸಿತು. ಚಿಪ್ಪನ್ನು ಅದರ ತಳಕ್ಕೆ ಜೋಡಿಸುವ ಬೆಸುಗೆಯ ವಸ್ತು ದುರ್ಬಲವಾಗಿತ್ತು. ಪ್ರತಿ ಸಲ ಕಾದು ಹಿಗ್ಗಿ, ತಣಿದು ಕುಗ್ಗಿದಾಗಲೂ ಅದು ಸ್ವಲ್ಪ ಸ್ವಲ್ಪವೇ ಬಿರಿಯುತ್ತಿತ್ತು. ಡೆಲ್ ಮತ್ತು ಎಚ್‌ಪಿ ಆಗ ಹೊರಡಿಸಿದ ಬಯೋಸ್ ಅಪ್‌ಡೇಟ್‌ಗಳು ಫ್ಯಾನನ್ನು ಮೊದಲಿಗಿಂತ ಹೆಚ್ಚು ಹೊತ್ತು ತಿರುಗುವಂತೆ ಮಾಡಿದವು. ಬಿಸಿಯ ಏರಿಳಿತ ಕಡಿಮೆಯಾಗಿ ಚಿಪ್ಪಿನ ಆಯುಸ್ಸು ಸ್ವಲ್ಪ ಮುಂದಕ್ಕೆ ಹೋಗಲಿ ಎಂಬುದು ಲೆಕ್ಕ. ಇಂಟರ್‌ನೆಟ್‌ನಲ್ಲಿ ಸಿಗುವ ಸಾಫ್ಟ್‌ವೇರ್ ಹಾಕಿ ಫ್ಯಾನನ್ನು ಬಲವಂತವಾಗಿ ಅಡಗಿಸಹೊರಟವರು ಈ ಘಟನೆಯನ್ನು ತಿಳಿದಿರುವುದು ಒಳ್ಳೆಯದು.

ಶಾಖದ ಪೆಟ್ಟು ಯಂತ್ರಕ್ಕೆ ಮಾತ್ರವಲ್ಲ, ಮೈಗೂ ತಾಗುತ್ತದೆ. 2010ರಲ್ಲಿ ಸ್ವಿಟ್ಜರ್ಲೆಂಡಿನ ಬಾಸೆಲ್ ವಿಶ್ವವಿದ್ಯಾಲಯ ಆಸ್ಪತ್ರೆಯ ವೈದ್ಯರು ಮಕ್ಕಳ ವೈದ್ಯಕೀಯ ಪತ್ರಿಕೆಯೊಂದರಲ್ಲಿ ಹನ್ನೆರಡು ವರ್ಷದ ಹುಡುಗನ ಪ್ರಕರಣವನ್ನು ವರದಿ ಮಾಡಿದರು. ತಿಂಗಳುಗಟ್ಟಲೆ ದಿನಕ್ಕೆ ಕೆಲವು ತಾಸು ಲ್ಯಾಪ್‌ಟಾಪನ್ನು ತೊಡೆಯ ಮೇಲಿಟ್ಟು ಆಟವಾಡಿದ್ದ ಆತನ ಎಡತೊಡೆಯ ಮೇಲೆ ಬಲೆಯ ಆಕಾರದ ಕಂದು ಕಲೆ ಮೂಡಿತ್ತು. ಚರ್ಮ ಸುಡುವಷ್ಟು ಬಿಸಿಯಲ್ಲದ, ಆದರೆ ದಿನವೂ ಬಹಳ ಹೊತ್ತು ತಾಗುವ ಶಾಖ ಮಾಡುವ ಗುರುತದು. ಫಿರನ್ ಅಂಗಿಯೊಳಗೆ ಕೆಂಡದ ಕಾಂಗಡಿ ಇಟ್ಟುಕೊಂಡು ಚಳಿಗಾಲ ಕಳೆಯುವ ಕಾಶ್ಮೀರಿಗಳಲ್ಲಿ ವೈದ್ಯರು ಇಂಥದೇ ಕಲೆಯನ್ನು ಬಹುಕಾಲದಿಂದ ಕಂಡಿದ್ದಾರೆ. ಗಂಡಸರ ಮಟ್ಟಿಗೆ ಇನ್ನೊಂದು ಎಚ್ಚರಿಕೆ ಇದೆ. ನ್ಯೂಯಾರ್ಕಿನ ಸ್ಟೋನಿ ಬ್ರೂಕ್ ವಿಶ್ವವಿದ್ಯಾಲಯದ ಸಂಶೋಧಕರು 29 ಸ್ವಯಂಸೇವಕರ ಮೇಲೆ ನಡೆಸಿ 2005ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಒಂದು ಗಂಟೆ ಲ್ಯಾಪ್‌ಟಾಪನ್ನು ತೊಡೆಯ ಮೇಲಿಟ್ಟುಕೊಂಡು ಕೂತಾಗ ವೃಷಣಚೀಲದ ಉಷ್ಣತೆ 2.8 ಡಿಗ್ರಿಯವರೆಗೆ ಏರಿದ್ದು ಕಂಡುಬಂತು. ಹೆಸರಿನಲ್ಲಿ ತೊಡೆಯಿದ್ದರೂ ಈ ಯಂತ್ರಕ್ಕೆ ಮೇಜೇ ಕ್ಷೇಮ.

ಬ್ಯಾಟರಿಯ ವಿಷಯ ಇನ್ನೂ ಗಂಭೀರ. ಲಿಥಿಯಂ ಅಯಾನ್ ಬ್ಯಾಟರಿಗೆ ಬಿಸಿ ಮತ್ತು ಭರ್ತಿ ಚಾರ್ಜ್ ಎರಡೂ ಒಟ್ಟಿಗೆ ಸೇರಿದರೆ ಅದು ಬೇಗ ಮುಪ್ಪಾಗುತ್ತದೆ. ಇಡೀ ದಿನ ಚಾರ್ಜರಿಗೆ ಸಿಕ್ಕಿಸಿಟ್ಟು ದುಡಿಯುವವರು, ಯಂತ್ರದ ಸೆಟ್ಟಿಂಗ್‌ನಲ್ಲಿ ಚಾರ್ಜನ್ನು ಶೇಕಡಾ 80ಕ್ಕೆ ನಿಲ್ಲಿಸುವ ಆಯ್ಕೆ ಇದ್ದರೆ ಅದನ್ನು ಹಾಕಿಕೊಳ್ಳಬೇಕು. ಟಚ್‌ಪ್ಯಾಡ್ ಉಬ್ಬಿದ್ದರೆ, ತಳ ಮೇಜಿನ ಮೇಲೆ ಸಮನಾಗಿ ಕೂರದೆ ಅಲುಗುತ್ತಿದ್ದರೆ ಒಳಗೆ ಬ್ಯಾಟರಿ ಊದಿಕೊಂಡಿದೆ. ಆ ಕ್ಷಣವೇ ಚಾರ್ಜ್ ನಿಲ್ಲಿಸಿ ಸರ್ವಿಸ್ ಸೆಂಟರಿಗೆ ಒಯ್ಯಬೇಕು, ಒತ್ತಿ ಸರಿಮಾಡಲು ಹೋಗಲೇಬಾರದು. ಆ್ಯಪಲ್ 2019ರ ಜೂನ್‌ನಲ್ಲಿ 2015ರ ಮಾದರಿಯ ಕೆಲವು 15 ಇಂಚಿನ ಮ್ಯಾಕ್‌ಬುಕ್ ಪ್ರೊಗಳ ಬ್ಯಾಟರಿ ಅತಿಯಾಗಿ ಬಿಸಿಯಾಗಬಹುದೆಂದು ಹಿಂಪಡೆದಾಗ, ಅಂಥವನ್ನು ವಿಮಾನದಲ್ಲಿ ಒಯ್ಯಬೇಡಿ ಎಂದು ಭಾರತದ ನಾಗರಿಕ ವಿಮಾನಯಾನ ಮಹಾನಿರ್ದೇಶನಾಲಯ ಪ್ರಯಾಣಿಕರಿಗೆ ಹೇಳಬೇಕಾಗಿ ಬಂತು. ಚೀಲದ ಬಗ್ಗೆಯೂ ಜಾಗ್ರತೆ ಬೇಕು. ಈಚಿನ ವಿಂಡೋಸ್ ಯಂತ್ರಗಳು ಮುಚ್ಚಳ ಮುಚ್ಚಿದ ಮೇಲೂ ಪೂರ್ತಿ ಮಲಗುವುದಿಲ್ಲ. ಮೇಲ್ ತರಲು, ಅಪ್‌ಡೇಟ್ ಇಳಿಸಲು ನಡುನಡುವೆ ಎಚ್ಚರವಾಗುತ್ತವೆ. ಬೆಂಗಳೂರಿನಿಂದ ಬೀದರಿಗೆ ಹೊರಟ ರಾತ್ರಿ ಬಸ್ಸಿನಲ್ಲಿ, ಬಟ್ಟೆಗಳ ನಡುವೆ ತುರುಕಿದ ಲ್ಯಾಪ್‌ಟಾಪ್ ಬೆಳಗ್ಗೆ ಕೆಂಡದಂತೆ ಬಿಸಿಯಾಗಿರುವುದು ಹೀಗೆ. ಪ್ರಯಾಣಕ್ಕೆ ಮುನ್ನ ಹೈಬರ್ನೇಟ್ ಮಾಡಬೇಕು, ಇಲ್ಲವೇ ಪೂರ್ತಿ ಆಫ್ ಮಾಡಬೇಕು.

ಫ್ಯಾನೇ ಇಲ್ಲದ ಲ್ಯಾಪ್‌ಟಾಪ್ ಕೊಂಡರೆ ಎಲ್ಲ ತೊಂದರೆಯೂ ತೀರುತ್ತದೆಯೇ? 2020ರ ನವೆಂಬರಿನಲ್ಲಿ ಬಂದ ಎಂ1 ಚಿಪ್ಪಿನ ಮ್ಯಾಕ್‌ಬುಕ್ ಏರ್ ಅಂಥ ಯಂತ್ರ. ಧೂಳು ಹೀರುವ ಕಿಂಡಿಯಿಲ್ಲ, ಸವೆಯುವ ಬೇರಿಂಗ್ ಇಲ್ಲ. ಪಾಠ, ಬರವಣಿಗೆ, ಕಚೇರಿಯ ನಿತ್ಯದ ಕೆಲಸಕ್ಕೆ ಅದು ನಿಶ್ಶಬ್ದವಾಗಿ ಸಾಕಾಗುತ್ತದೆ. ಆದರೆ ಬಹಳ ಹೊತ್ತು ಸತತ ಭಾರದ ಕೆಲಸ ಕೊಟ್ಟರೆ ಕೆಲವು ನಿಮಿಷಗಳ ಬಳಿಕ ಅದೂ ವೇಗ ಇಳಿಸುತ್ತದೆ. ಅದೇ ಚಿಪ್ ಹೊತ್ತು ಜೊತೆಗೆ ಫ್ಯಾನೂ ಇದ್ದ ಮ್ಯಾಕ್‌ಬುಕ್ ಪ್ರೊ ಆ ವೇಗವನ್ನು ಕಾಯ್ದುಕೊಳ್ಳುತ್ತದೆ. ಫ್ಯಾನು ಇರುವ ಯಂತ್ರಗಳಲ್ಲೂ ಒಂದೇ ಹೆಸರಿನ ಪ್ರೊಸೆಸರ್ ತೆಳ್ಳನೆಯ ಮೈಯಲ್ಲಿ ಒಂದು ರೀತಿ, ದಪ್ಪ ಮೈಯಲ್ಲಿ ಇನ್ನೊಂದು ರೀತಿ ನಡೆಯುತ್ತದೆ. ಕೊಳ್ಳಲು ಹೋದವರು ಅಂಗಡಿಯಲ್ಲಿ ಲ್ಯಾಪ್‌ಟಾಪನ್ನು ತಿರುವಿಹಾಕಿ ತಳ ನೋಡಬೇಕು. ಕಿಂಡಿಗಳು ಎಷ್ಟು ಅಗಲವಾಗಿವೆ, ಕಾಲುಗಳು ಎಷ್ಟು ಎತ್ತರವಾಗಿವೆ, ಬಿಸಿಗಾಳಿ ಹಿಂದಕ್ಕೆ ಹೋಗುತ್ತದೆಯೋ ಮೌಸ್ ಹಿಡಿಯುವ ಬಲಗೈಯ ಕಡೆಗೆ ಬರುತ್ತದೆಯೋ, ತಳವನ್ನು ಸಾಮಾನ್ಯ ಸ್ಕ್ರೂಡ್ರೈವರಿನಿಂದ ಬಿಚ್ಚಬಹುದೋ, ಬದಲಿ ಫ್ಯಾನು ಊರಿನಲ್ಲಿ ಸಿಗುತ್ತದೆಯೋ ಎಂಬ ಪ್ರಶ್ನೆಗಳಿಗೆ ಉತ್ತರ ಪಡೆದ ಮೇಲೆ ಪ್ರೊಸೆಸರಿನ ಹೆಸರು, ಬಣ್ಣ, ತೂಕ ವಿಚಾರಿಸಿದರಾಯಿತು.